ಮಣ್ಣಿನಲ್ಲಿ ಕಬ್ಬಿಣ ಉಂಟು, ಪೈರಿಗೆ ಇಲ್ಲ: ಸೂಕ್ಷ್ಮಜೀವಿಗಳು ಕಬ್ಬಿಣ ಸಂಪಾದಿಸುವ ಬಗೆ



ನಮ್ಮ ಈ ಪುಟದಲ್ಲಿ ಹೆಚ್ಚಾಗಿ ಬರುವುದು ಕಾರ್ಯಕ್ರಮಗಳ ವರದಿ, ಕನ್ನಡ ಶಾಲೆಗಳ ಸುದ್ದಿ, ಪುಸ್ತಕ ಪರಿಚಯ. ಈ ಸಲ ಮಣ್ಣಿನ ವಿಷಯ ಬರೆಯುತ್ತಿದ್ದೇವೆ. ಕಾರಣ ಇದೆ. ನಮ್ಮ ಗಡಿ ಊರುಗಳ ಕನ್ನಡಿಗರಲ್ಲಿ ಬಹಳ ಮಂದಿ ಬೇಸಾಯಗಾರರು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸಿ ರೈತರ ಕೈಗೆ ಕಾರ್ಡು ಕೊಡುತ್ತಾರೆ. ಅದರಲ್ಲಿ ಕಬ್ಬಿಣವೂ ಒಂದು. ಆದರೆ ಅಕ್ಕಲಕೋಟೆಯವರಿಗೆ ಅದು ‘ಲೋಹ’, ಆದೋನಿಯವರಿಗೆ ‘ಇನುಮು’, ತಾಳವಾಡಿಯವರಿಗೆ ‘ಇರುಂಬು’. ಹೆಸರು ಹೇಗಾದರೂ ತಿಳಿದೀತು. ‘ನಮ್ಮ ಹೊಲದ ಮಣ್ಣೇ ಕೆಂಪಗಿದೆ, ಕಲ್ಲಿನಲ್ಲೇ ಕಬ್ಬಿಣ ಇದೆ, ಆದರೂ ಕೊರತೆ ಎಂದು ಬರೆದಿದ್ದಾರಲ್ಲ, ಇದು ಹೇಗೆ?’ ಎಂಬ ಪ್ರಶ್ನೆಗೆ ಮಾತ್ರ ಆ ಚೀಟಿಯಲ್ಲಿ ಉತ್ತರ ಇರುವುದಿಲ್ಲ. ಉತ್ತರ ತಿಳಿಯದೆ ಹೊಲಕ್ಕೆ ಸುರಿದ ಅನ್ನಭೇದಿಯ ಹಣ ಎಷ್ಟೋ ಸಲ ಮಣ್ಣುಪಾಲಾಗುತ್ತದೆ. ಆ ಉತ್ತರವನ್ನು ನಮ್ಮ ಭಾಷೆಯಲ್ಲಿ, ಸಾಧ್ಯವಾದಷ್ಟು ಸರಳವಾಗಿ ಕೊಡುವುದು ಈ ಲೇಖನದ ಉದ್ದೇಶ.

ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ

ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇಕಡಾ 5ರಷ್ಟು ಕಬ್ಬಿಣ. ಆಮ್ಲಜನಕ, ಸಿಲಿಕಾನ್, ಅಲ್ಯೂಮಿನಿಯಂ ಬಿಟ್ಟರೆ ನಾಲ್ಕನೆಯ ಸ್ಥಾನ ಅದಕ್ಕೆ. ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 900 ಟನ್. ಅದರಲ್ಲಿ ಶೇಕಡಾ 3ರಷ್ಟು ಕಬ್ಬಿಣ ಎಂದು ಹಿಡಿದರೂ 27 ಟನ್ ಆಯಿತು. ಒಂದು ಬೆಳೆಗೆ ಬೇಕಾಗುವುದು ಕೆಲವು ಕಿಲೋ, ಎಷ್ಟೋ ಬೆಳೆಗಳಿಗೆ ಅಷ್ಟೂ ಬೇಡ. ಹಾಗಿದ್ದೂ ಎಲೆ ಹಳದಿಯಾಗುತ್ತದೆ. ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಇದಕ್ಕೇ ಹೇಳಿ ಮಾಡಿಸಿದಂತಿದೆ.

ಕಬ್ಬಿಣ ಎರಡು ರೂಪದಲ್ಲಿ ಇರುತ್ತದೆ. ಒಂದು ಫೆರಸ್ ರೂಪ, ಇದು ನೀರಿನಲ್ಲಿ ಕರಗುತ್ತದೆ. ಇನ್ನೊಂದು ಫೆರಿಕ್ ರೂಪ. ಗಾಳಿ ಸೋಕಿದರೆ ಫೆರಸ್ ಹೋಗಿ ಫೆರಿಕ್ ಆಗುತ್ತದೆ, ಅದು ನೀರಿನಲ್ಲಿ ಬಹುಮಟ್ಟಿಗೆ ಕರಗುವುದೇ ಇಲ್ಲ. ಮಳೆಗೆ ನೆನೆದ ಗುದ್ದಲಿಗೆ ಹಿಡಿಯುವ ತುಕ್ಕು ಇದೇ ಜಾತಿಯದು. ಮಣ್ಣಿನ ಕೆಂಪು, ಹಳದಿ, ಕಂದು ಬಣ್ಣಗಳೆಲ್ಲ ಬಹುಪಾಲು ಈ ತುಕ್ಕಿನವೇ. ಹೆಮಟೈಟ್ ಎಂಬ ಖನಿಜ ಕೆಂಪು ಬಣ್ಣ ಕೊಡುತ್ತದೆ, ಗೀಥೈಟ್ ಎಂಬುದು ಹಳದಿ ಮಿಶ್ರಿತ ಕಂದು.

ಬಹಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇಲ್ಲದ ಕಾಲದಲ್ಲಿ ಕಡಲಿನ ನೀರಿನಲ್ಲಿ ಫೆರಸ್ ಕಬ್ಬಿಣ ಧಾರಾಳವಾಗಿ ಕರಗಿತ್ತು. ಆಗ ಹುಟ್ಟಿದ ಜೀವಿಗಳು ಸುಲಭವಾಗಿ ಸಿಗುತ್ತಿದ್ದ ಕಬ್ಬಿಣವನ್ನೇ ನಂಬಿ ತಮ್ಮ ಒಳಗಿನ ಯಂತ್ರಗಳನ್ನು ಕಟ್ಟಿಕೊಂಡವು. ಉಸಿರಾಟಕ್ಕೆ, ಡಿಎನ್‌ಎ ತಯಾರಿಕೆಗೆ, ಗಾಳಿಯ ಸಾರಜನಕವನ್ನು ಹಿಡಿಯುವುದಕ್ಕೆ ಕಬ್ಬಿಣ ಬೇಕೇ ಬೇಕಾಯಿತು. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯನೋಬ್ಯಾಕ್ಟೀರಿಯಾಗಳು ಬಿಟ್ಟ ಆಮ್ಲಜನಕ ಗಾಳಿಯಲ್ಲಿ ನೆಲೆ ನಿಂತಿತು. ಕಡಲಿನ ಕಬ್ಬಿಣ ತುಕ್ಕಾಗಿ ತಳ ಸೇರಿತು. ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖದ ಪಟ್ಟೆಪಟ್ಟೆಯ ಅದಿರು ಅದಕ್ಕೂ ಮುಂಚಿನದು, 250 ಕೋಟಿ ವರ್ಷಕ್ಕಿಂತ ಹಳೆಯದು. ಕರಗಿದ ಕಬ್ಬಿಣ ಕಡಲ ತಳದಲ್ಲಿ ಪದರ ಪದರವಾಗಿ ಕೂತದ್ದಕ್ಕೆ ಅದೇ ಸಾಕ್ಷಿ. ಜೀವಿಗಳಿಗೆ ಕಬ್ಬಿಣದ ಅಭ್ಯಾಸ ಆಗಿಹೋಗಿತ್ತು, ಸುಲಭದ ಕಬ್ಬಿಣ ಮಾತ್ರ ಮುಗಿದಿತ್ತು. ಅಂದಿನಿಂದ ಇಂದಿನವರೆಗೂ ಬ್ಯಾಕ್ಟೀರಿಯಾಗಳ ದೊಡ್ಡ ದುಡಿಮೆಗಳಲ್ಲಿ ಒಂದು ಈ ಕಬ್ಬಿಣ ಸಂಪಾದನೆ.

ಕೊರತೆ ಎಷ್ಟರಮಟ್ಟಿಗೆ ಎಂದು ಒಂದು ಲೆಕ್ಕದಿಂದ ತಿಳಿಯುತ್ತದೆ. ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ, ಅಂದರೆ ಪಿಎಚ್ 7 ಇರುವ ಒಂದು ಲೀಟರ್ ನೀರು ತುಕ್ಕಿನ ಮೇಲೆ ನಿಂತಿದೆ ಎನ್ನೋಣ. ಅದರಲ್ಲಿ ಬಿಡಿಯಾಗಿ ಓಡಾಡುವ ಫೆರಿಕ್ ಅಯಾನುಗಳ ಸಂಖ್ಯೆ ಕೆಲವೇ ಲಕ್ಷ. ಒಂದೇ ಒಂದು ಬ್ಯಾಕ್ಟೀರಿಯಾ ಎರಡಾಗಿ ಒಡೆಯಬೇಕಾದರೆ ಅದಕ್ಕೆ ಬೇಕಾಗುವ ಕಬ್ಬಿಣದ ಪರಮಾಣುಗಳು ಲಕ್ಷದಿಂದ ಹತ್ತು ಲಕ್ಷ. ಎಂದರೆ ಒಂದು ಲೀಟರ್ ನೀರಿನಲ್ಲಿರುವ ಬಿಡಿ ಅಯಾನು ಒಂದೋ ಎರಡೋ ಬ್ಯಾಕ್ಟೀರಿಯಾಕ್ಕೂ ಸಾಲದೆ ಹೋಗಬಹುದು. ಮಣ್ಣಿನಲ್ಲಾದರೋ ಒಂದು ಗ್ರಾಮಿನಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ನೀರಿನಲ್ಲಿ ಬೇರೆ ಬಗೆಯಲ್ಲಿ ಕರಗಿದ ಕಬ್ಬಿಣವನ್ನೂ ಸೇರಿಸಿ ಎಣಿಸಿದರೂ ಬೇಡಿಕೆಯ ಹತ್ತಿರಕ್ಕೆ ಬರುವುದಿಲ್ಲ.

ಹುಳಿ ಮಣ್ಣು, ಸುಣ್ಣದ ಮಣ್ಣು

ಇಲ್ಲಿ ನಮ್ಮ ಊರು ಊರಿಗೂ ವ್ಯತ್ಯಾಸವಿದೆ. ಪಿಎಚ್ ಒಂದು ಅಂಕೆ ಏರಿದರೆ ಬಿಡಿ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಪಿಎಚ್ 5 ಇರುವ ಮಣ್ಣಿಗೂ 8 ಇರುವ ಮಣ್ಣಿಗೂ ಲೆಕ್ಕದಲ್ಲಿ 100 ಕೋಟಿ ಪಟ್ಟಿನ ಅಂತರ.

ಕಾಸರಗೋಡಿನ ಮುರಕಲ್ಲಿನ ನೆಲ ಹುಳಿ ಜಾತಿಯದು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು ನಮ್ಮ ದಕ್ಷಿಣಕ್ಕಿರುವ ಮಲಬಾರಿನ ಅಂಗಡಿಪುರದ ಕಲ್ಲನ್ನು ನೋಡಿ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಜೋರು ಮಳೆ ಸುಣ್ಣವನ್ನೂ ಸಿಲಿಕಾವನ್ನೂ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಆದ ಕಲ್ಲು ಇದು. ವಯನಾಡು, ನೀಲಗಿರಿಯ ಕೆಂಪು ಮಣ್ಣೂ ಹುಳಿಯೇ. ಇಲ್ಲಿ ಪೈರಿಗೆ ಕಬ್ಬಿಣದ ಕೊರತೆ ಅಪರೂಪ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಎರೆ ಭೂಮಿಯ ಕತೆ ಬೇರೆ. ಅದು ಬಸಾಲ್ಟ್ ಕಲ್ಲು ಸವೆದು ಆದ ಮಣ್ಣು, ಆ ಕಲ್ಲಿನಲ್ಲಿ ಕಬ್ಬಿಣ ಯಥೇಚ್ಛವಾಗಿದೆ. ಆದರೆ ಮಳೆ ಕಡಿಮೆಯಾದ್ದರಿಂದ ಸುಣ್ಣ ತೊಳೆದು ಹೋಗದೆ ಹರಳು ಹರಳಾಗಿ ಮಣ್ಣಿನಲ್ಲೇ ಉಳಿದಿದೆ. ಪಿಎಚ್ 8ರ ಆಸುಪಾಸು, ಕೆಲವೆಡೆ ಅದಕ್ಕೂ ಮೇಲೆ. ಆದೋನಿ ಸೀಮೆಯ ಎರೆಯಲ್ಲೂ ಇದೇ ಸ್ವಭಾವ. ಇಲ್ಲಿ ಶೇಂಗಾ, ಕುಳೆ ಕಬ್ಬು, ದ್ರಾಕ್ಷಿ, ನಿಂಬೆ ಜಾತಿಯ ಗಿಡಗಳ ಎಳೆಯ ಎಲೆ ಹಳದಿಯಾಗಿ, ಕೊನೆಗೆ ಬೆಳ್ಳಗೇ ಆಗುವುದನ್ನು ರೈತರು ಬಲ್ಲರು.

ಇದೇ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಸಾಯದೆ ಬದುಕಿವೆ. ಹೇಗೆ ಎಂಬುದು ಮುಂದಿನ ಪ್ರಶ್ನೆ.

ಕಬ್ಬಿಣ ತರಲು ಹೊರಟ ಅಣು

ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ, ಕಲ್ಲು ಕಚ್ಚಲಾರದು. ಖನಿಜದ ಕಣ ಅದರ ಗೋಡೆ ದಾಟಿ ಒಳಗೆ ಬರಲಾರದು. ಆದ್ದರಿಂದ ಅದು ಒಂದು ಚಿಕ್ಕ ಅಣುವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಆ ಅಣು ಹೋಗಿ ಕಬ್ಬಿಣವನ್ನು ಹಿಡಿದುಕೊಂಡು ವಾಪಸು ಬರುತ್ತದೆ. ಇದಕ್ಕೆ ಸಿಡೆರೋಫೋರ್ ಎಂದು ಹೆಸರು. ಗ್ರೀಕ್ ಭಾಷೆಯ ಈ ಪದಕ್ಕೆ ‘ಕಬ್ಬಿಣ ಹೊರುವುದು’ ಎಂದು ಅರ್ಥ. ಕನ್ನಡದಲ್ಲಿ ‘ಕಬ್ಬಿಣವಾಹಕ’ ಎನ್ನಬಹುದು, ಇಲ್ಲಿ ನಾವು ಹಾಗೆಯೇ ಕರೆಯುತ್ತೇವೆ.

ಇಂಥ ಅಣುಗಳ ಪರಿಚಯ ವಿಜ್ಞಾನಕ್ಕೆ ಆದದ್ದು ತುಂಡು ತುಂಡಾಗಿ. 1912ರಲ್ಲಿ ಟ್ವಾರ್ಟ್ ಮತ್ತು ಇಂಗ್ರಾಮ್ ಎಂಬವರು ದನಗಳ ಕರುಳಿಗೆ ಬರುವ ಜೋನ್ಸ್ ರೋಗದ ಬ್ಯಾಕ್ಟೀರಿಯಾವನ್ನು ಬೆಳೆಸಲು ಹೊರಟಾಗ, ಅದಕ್ಕೆ ತನ್ನ ಬಳಗದ ಬೇರೆ ಬ್ಯಾಕ್ಟೀರಿಯಾಗಳ ಸಾರ ಬೆರೆಸಿದರೆ ಮಾತ್ರ ಬೆಳೆಯುವುದನ್ನು ಕಂಡರು. ಆ ಸಾರದಲ್ಲಿದ್ದ ವಸ್ತು ಕಬ್ಬಿಣವಾಹಕ ಎಂಬುದು ತಿಳಿಯಲು ದಶಕಗಳು ಬೇಕಾದವು. 1952ರಲ್ಲಿ ನೀಲ್ಯಾಂಡ್ಸ್ ಎಂಬ ವಿಜ್ಞಾನಿ ಕಾಡಿಗೆ ರೋಗದ ಗುಂಪಿಗೆ ಸೇರಿದ ಒಂದು ಶಿಲೀಂಧ್ರದಿಂದ ‘ಫೆರಿಕ್ರೋಮ್’ ಎಂಬ ಕೆಂಪು ಬಣ್ಣದ ವಸ್ತುವನ್ನು ಬೇರ್ಪಡಿಸಿದರು. 1970ರಲ್ಲಿ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಿಂದ ‘ಎಂಟೆರೋಬ್ಯಾಕ್ಟಿನ್’ ಎಂಬುದು ಸಿಕ್ಕಿತು. ಇಂದು 500ಕ್ಕೂ ಹೆಚ್ಚು ಬಗೆಯ ಕಬ್ಬಿಣವಾಹಕಗಳ ಪರಿಚಯವಿದೆ.

ಇವುಗಳ ಹಿಡಿತದ ಗುಟ್ಟು ಹೀಗೆ. ಫೆರಿಕ್ ಕಬ್ಬಿಣದ ಸುತ್ತ ಆರು ಕಡೆ ಹಿಡಿಯಲು ಸ್ಥಳವಿದೆ. ಕಬ್ಬಿಣವಾಹಕದಲ್ಲಿ ಸಾಮಾನ್ಯವಾಗಿ ಮೂರು ಜೋಡಿ ಕೈಗಳಿರುತ್ತವೆ, ಹೆಚ್ಚಿನವು ಆಮ್ಲಜನಕದ ಪರಮಾಣುಗಳು. ಆರು ಕೈಗಳೂ ಆರು ಕಡೆ ಹಿಡಿದರೆ ಕಬ್ಬಿಣ ಪೂರ್ತಿ ಸುತ್ತುವರಿದು, ನೀರಿಗೂ ಮತ್ತೆ ತುಕ್ಕಾಗುವುದಕ್ಕೂ ಸಿಗುವುದಿಲ್ಲ. ಎಂಟೆರೋಬ್ಯಾಕ್ಟಿನ್ನಿನ ಹಿಡಿತವನ್ನು ಅಂಕೆಯಲ್ಲಿ ಹೇಳುವುದಾದರೆ 1ರ ಮುಂದೆ 49 ಸೊನ್ನೆ. ಕಾರ್ಖಾನೆಯಲ್ಲಿ ಮಾಡುವ ಇಡಿಟಿಎ ಎಂಬ ಹೆಸರಾಂತ ಹಿಡಿಕೆ ರಾಸಾಯನಿಕದ್ದು 1ರ ಮುಂದೆ 25 ಸೊನ್ನೆ.

ಆದರೆ ಹಿಡಿತ ಎಷ್ಟೇ ಬಿಗಿಯಾದರೂ ಕಲ್ಲಿನಿಂದ ಕಬ್ಬಿಣ ಕೀಳುವ ಕೆಲಸ ನಿಧಾನದ್ದು. ಕಬ್ಬಿಣವಾಹಕ ಮೊದಲು ಖನಿಜದ ಮೈಗೆ ಅಂಟಿಕೊಳ್ಳುತ್ತದೆ. ಅಲ್ಲಿನ ಒಂದು ಕಬ್ಬಿಣದ ಪರಮಾಣುವನ್ನು ಹಿಡಿದಾಗ, ಅದನ್ನು ಖನಿಜಕ್ಕೆ ಕಟ್ಟಿದ್ದ ಬಂಧಗಳು ಸಡಿಲವಾಗುತ್ತವೆ. ಕೊನೆಗೆ ಆ ಪರಮಾಣು ಕಿತ್ತು ಬರುತ್ತದೆ. ಈ ಕೆಲಸಕ್ಕೆ ಸಹಾಯಕರೂ ಇದ್ದಾರೆ. ಬೇರುಗಳು, ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳು ಸ್ರವಿಸುವ ಆಕ್ಸಾಲಿಕ್ ಆಮ್ಲ, ಸಿಟ್ರಿಕ್ ಆಮ್ಲ ಮುಂತಾದವು ಖನಿಜದ ಮೈಯನ್ನು ಕೊರೆದು ಸಡಿಲಿಸುತ್ತವೆ, ಕಬ್ಬಿಣವಾಹಕ ಅದನ್ನು ಒಯ್ಯುತ್ತದೆ. ಇಬ್ಬರೂ ಕೂಡಿ ಮಾಡಿದ ಕೆಲಸ ಒಬ್ಬೊಬ್ಬರೇ ಮಾಡಿದ್ದಕ್ಕಿಂತ ಬೇಗ ಸಾಗುತ್ತದೆ. ಹೊಸದಾಗಿ ಆದ, ಹರಳುಗಟ್ಟದ ತುಕ್ಕು ಸುಲಭವಾಗಿ ಬಿಟ್ಟುಕೊಡುತ್ತದೆ. ಗಟ್ಟಿ ಹರಳಾದ ಗೀಥೈಟ್, ಹೆಮಟೈಟ್‌ಗಳು ಹಟಮಾರಿಗಳು.

ಬಾಗಿಲಲ್ಲಿ ಗುರುತು ನೋಡಿ ಒಳಗೆ

ಕಬ್ಬಿಣ ಹೊತ್ತ ಅಣು ಮನೆಗೆ ಬಂದರೆ ಸಾಲದು, ಒಳಗೆ ಹೋಗಬೇಕು. ಸುತ್ತ ಎರಡು ಪೊರೆ ಇರುವ ಬ್ಯಾಕ್ಟೀರಿಯಾಗಳಲ್ಲಿ ಹೊರಪೊರೆಯ ಸಾಮಾನ್ಯ ರಂಧ್ರಗಳಿಗೆ ಈ ಅಣು ದೊಡ್ಡದು. ಹಾಗಾಗಿ ಅದಕ್ಕೆಂದೇ ಬೇರೆ ಬಾಗಿಲುಗಳಿವೆ. ಪ್ರತಿ ಬಾಗಿಲೂ ತನಗೆ ಗೊತ್ತಿರುವ ಆಕಾರದ ಕಬ್ಬಿಣವಾಹಕವನ್ನು ಮಾತ್ರ ಬಿಡುತ್ತದೆ. ಬಾಗಿಲು ತೆರೆಯಲು ಬೇಕಾದ ಶಕ್ತಿ ಹೊರಪೊರೆಯಲ್ಲಿ ಇಲ್ಲ, ಒಳಪೊರೆಯಿಂದ ಬರಬೇಕು. ‘ಟಾನ್‌ಬಿ’ ಎಂಬ ಪ್ರೋಟೀನು ನಡುವೆ ನಿಂತು ಒಳಗಿನ ಶಕ್ತಿಯನ್ನು ಹೊರಬಾಗಿಲಿಗೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ಬೇರೆ ಪ್ರೋಟೀನುಗಳು ಕೈಯಿಂದ ಕೈಗೆ ದಾಟಿಸುತ್ತವೆ.

ಒಳಗೆ ಬಂದ ಮೇಲೆ ಹಿಡಿತ ಬಿಡಿಸುವುದೂ ಸುಲಭವಲ್ಲ. ಕೆಲವು ಬ್ಯಾಕ್ಟೀರಿಯಾಗಳು ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುತ್ತವೆ. ಫೆರಸ್ ಮೇಲೆ ಕಬ್ಬಿಣವಾಹಕಕ್ಕೆ ಅಷ್ಟು ಹಿಡಿತವಿಲ್ಲ, ತಾನೇ ಬಿಡುತ್ತದೆ. ಖಾಲಿಯಾದ ವಾಹಕವನ್ನು ಮತ್ತೆ ಹೊರಗೆ ಕಳಿಸುವವೂ ಇವೆ. ಎಂಟೆರೋಬ್ಯಾಕ್ಟಿನ್ ವಿಷಯದಲ್ಲಿ ಮಾತ್ರ ಹಿಡಿತ ಅಷ್ಟು ಬಿಗಿ. ಬ್ಯಾಕ್ಟೀರಿಯಾ ತಾನೇ ಕಷ್ಟಪಟ್ಟು ಮಾಡಿದ ಅಣುವನ್ನು ಕತ್ತರಿಸಿ ಕಬ್ಬಿಣ ತೆಗೆಯುತ್ತದೆ.

ಇಷ್ಟು ಖರ್ಚಿನ ಕೆಲಸ ಸದಾ ನಡೆಯುವುದಿಲ್ಲ. ಹಲವು ಬ್ಯಾಕ್ಟೀರಿಯಾಗಳಲ್ಲಿ ‘ಫರ್’ ಎಂಬ ಪ್ರೋಟೀನು ಮೇಲ್ವಿಚಾರಕ. ಒಳಗೆ ಕಬ್ಬಿಣ ಸಾಕಷ್ಟಿದ್ದರೆ ಅದು ಕಬ್ಬಿಣದೊಂದಿಗೆ ಕೂಡಿ ಡಿಎನ್‌ಎ ಮೇಲೆ ಕೂತು ಕಬ್ಬಿಣವಾಹಕದ ತಯಾರಿಕೆಯನ್ನು ನಿಲ್ಲಿಸುತ್ತದೆ. ಕೊರತೆಯಾದಾಗ ಜಾಗ ಬಿಡುತ್ತದೆ, ತಯಾರಿಕೆ ಶುರುವಾಗುತ್ತದೆ. ಹೆಚ್ಚಾದ ಕಬ್ಬಿಣ ವಿಷ ಎಂಬುದೂ ಇದಕ್ಕೆ ಕಾರಣ. ಜೀವಕೋಶದಲ್ಲಿ ಬಿಡಿ ಕಬ್ಬಿಣ ಉಳಿದರೆ ಅದು ಡಿಎನ್‌ಎಯನ್ನೇ ಹಾಳುಮಾಡುವ ತೀಕ್ಷ್ಣ ಕಣಗಳನ್ನು ಹುಟ್ಟಿಸುತ್ತದೆ.

ಕಬ್ಬಿಣದ ಜಗಳ, ಬೇರಿನ ಲಾಭ

ಹೊರಗೆ ಬಿಟ್ಟ ಕಬ್ಬಿಣವಾಹಕಕ್ಕೆ ಯಜಮಾನನ ಹೆಸರು ಬರೆದಿರುವುದಿಲ್ಲ. ಪಕ್ಕದವನ ಹತ್ತಿರ ಸರಿಹೊಂದುವ ಬಾಗಿಲಿದ್ದರೆ ಅವನೂ ಒಯ್ಯಬಹುದು. ತಾವು ಏನೂ ತಯಾರಿಸದೆ ಬೇರೆಯವರ ಕಬ್ಬಿಣವಾಹಕದಲ್ಲೇ ಬದುಕುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಇವೆ. ಕೆಲವು ಸ್ಟ್ರೆಪ್ಟೋಮೈಸಿಸ್‌ಗಳು ಕಬ್ಬಿಣವಾಹಕಕ್ಕೆ ವಿಷದ ಗಂಟು ಕಟ್ಟಿ ಬಿಡುತ್ತವೆ. ಆಸೆಯಿಂದ ಒಳಗೆ ಎಳೆದುಕೊಂಡವನು ಸಾಯುತ್ತಾನೆ. ಮೊದಲ ಮಳೆಗೆ ಬರುವ ಮಣ್ಣಿನ ಪರಿಮಳಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳ ಬಳಗವೇ ಈ ಸ್ಟ್ರೆಪ್ಟೋಮೈಸಿಸ್.

ಈ ಜಗಳದಿಂದ ರೈತನಿಗೆ ಲಾಭವಿದೆ. ಬೇರಿನ ಸುತ್ತ ವಾಸಿಸುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಹಳದಿ-ಹಸಿರಾಗಿ ಹೊಳೆಯುವ ‘ಪಯೋವರ್ಡಿನ್’ ಎಂಬ ಕಬ್ಬಿಣವಾಹಕವನ್ನು ಬಿಡುತ್ತದೆ. ಅದರ ಹಿಡಿತ ಬಿಗಿಯಾದ್ದರಿಂದ ಸೊರಗು ರೋಗ ತರುವ ಶಿಲೀಂಧ್ರಗಳಿಗೆ ಬೇರಿನ ಬಳಿ ಕಬ್ಬಿಣ ಸಿಗದೆ ಅವು ಸೊರಗುತ್ತವೆ. 1980ರಲ್ಲಿ ಕ್ಲೋಪರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನು ತೋರಿಸಿದರು. ಮಣ್ಣಿಗೆ ಕರಗುವ ಕಬ್ಬಿಣ ಬೆರೆಸಿದಾಗ ಈ ರಕ್ಷಣೆ ಇಲ್ಲವಾಯಿತು, ಅದರಿಂದಲೇ ಕಬ್ಬಿಣದ ಪಾತ್ರ ಖಚಿತವಾಯಿತು. ಈ ಬ್ಯಾಕ್ಟೀರಿಯಾದ ಬಳಿ ಬೇರೆ ಆಯುಧಗಳೂ ಇವೆ, ಕಬ್ಬಿಣದ್ದು ಅದರಲ್ಲಿ ಒಂದು. ಇಂದು ಶುಂಠಿ, ಕಾಳುಮೆಣಸು, ಶೇಂಗಾ, ತರಕಾರಿ ಬೆಳೆಯುವವರು ಪುಡಿಯ ರೂಪದಲ್ಲಿ ತಂದು ಬಳಸುವ ‘ಸ್ಯೂಡೋಮೊನಾಸ್’ ಇದೇ. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯದ ‘ಪಿಎಫ್ 1’ ತಳಿ ತಾಳವಾಡಿ, ಹೊಸೂರು ಕಡೆಯವರು ಕೇಳಿರಬಹುದಾದ ಹೆಸರು. ಅದು ಜೀವಂತ ಬ್ಯಾಕ್ಟೀರಿಯಾ ಎಂಬುದನ್ನು ಮರೆಯಬಾರದು. ಮೈಲುತುತ್ತಿನ ಬೋರ್ಡೋ ದ್ರಾವಣದ ಜೊತೆ ಬೆರೆಸಿದರೆ, ಬಿಸಿಲಿನಲ್ಲಿ ಇಟ್ಟರೆ, ಅವಧಿ ಮುಗಿದ ಪೊಟ್ಟಣ ತಂದರೆ ಹಣ ನೀರಿಗೆ ಹಾಕಿದಂತೆ.

ಗಿಡ ಏನು ಮಾಡುತ್ತದೆ?

ಗಿಡಗಳಿಗೂ ಅದೇ ಕಷ್ಟ, ಅವು ಎರಡು ದಾರಿ ಹಿಡಿದಿವೆ. ಶೇಂಗಾ, ತೊಗರಿ, ದ್ರಾಕ್ಷಿ ಮುಂತಾದವು ಬೇರಿನ ಸುತ್ತ ಹುಳಿ ಸುರಿದು, ಬೇರಿನ ಮೈಯಲ್ಲೇ ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡಿ ಹೀರುತ್ತವೆ. ಸುಣ್ಣದ ಮಣ್ಣಿನಲ್ಲಿ ಆ ಹುಳಿಯನ್ನು ಸುಣ್ಣವೇ ತಿಂದುಹಾಕುತ್ತದೆ. ಅದಕ್ಕೇ ಎರೆಯ ಶೇಂಗಾ ಹಳದಿಯಾಗುವುದು. ಜೋಳ, ಗೋಧಿ, ಮೆಕ್ಕೆಜೋಳ, ಕಬ್ಬು ಮೊದಲಾದ ಹುಲ್ಲು ಜಾತಿಯವು ಬ್ಯಾಕ್ಟೀರಿಯಾಗಳ ಹಾಗೆ ಕಬ್ಬಿಣ ಹಿಡಿಯುವ ಅಣುಗಳನ್ನು ಬೇರಿನಿಂದ ಬಿಡುತ್ತವೆ. 1976ರಲ್ಲಿ ಜಪಾನಿನ ತಕಾಗಿ ಎಂಬವರು ಇದನ್ನು ಮೊದಲು ವರದಿ ಮಾಡಿದರು. ಬಾರ್ಲಿ ಇದನ್ನು ಧಾರಾಳವಾಗಿ ಬಿಡುತ್ತದೆ, ಜೋಳದ್ದು ಕೈ ಬಿಗಿ. ಚೀನಾದ ಸುಣ್ಣದ ಮಣ್ಣಿನಲ್ಲಿ ಮೆಕ್ಕೆಜೋಳದ ಸಾಲಿನ ಪಕ್ಕ ಬೆಳೆದ ಶೇಂಗಾ, ಒಂಟಿಯಾಗಿ ಬೆಳೆದ ಶೇಂಗಾಕ್ಕಿಂತ ಹಸಿರಾಗಿರುವುದನ್ನು ಅಲ್ಲಿನ ಸಂಶೋಧಕರು ಕಂಡಿದ್ದಾರೆ. ಅಕ್ಕಡಿ ಸಾಲು ಹಾಕುವ ನಮ್ಮ ಹಿರಿಯರ ಪದ್ಧತಿಯನ್ನು ಹೊಸ ಕಣ್ಣಿನಿಂದ ನೋಡಲು ಇದೂ ಒಂದು ಕಾರಣ.

ನೀರು ನಿಂತ ಗದ್ದೆಯಲ್ಲಿ ತಿರುಗುಮುರುಗು

ಕಾಸರಗೋಡು, ವಯನಾಡಿನ ತಗ್ಗು ಗದ್ದೆಗಳಲ್ಲಿ ಕಷ್ಟ ಉಲ್ಟಾ. ನೀರು ನಿಂತರೆ ಮಣ್ಣಿಗೆ ಗಾಳಿ ಇಲ್ಲ. ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಆಗ ಆಮ್ಲಜನಕದ ಬದಲು ತುಕ್ಕನ್ನೇ ಬಳಸಿ ಉಸಿರಾಡುತ್ತವೆ. ನಾವು ಉಸಿರಾಡುವಾಗ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ಕೊಡುತ್ತೇವೆ, ಅವು ಫೆರಿಕ್ ಕಬ್ಬಿಣಕ್ಕೆ ಕೊಡುತ್ತವೆ. ಫೆರಿಕ್ ಹೋಗಿ ಫೆರಸ್ ಆಗಿ ನೀರಿಗೆ ಇಳಿಯುತ್ತದೆ. ಇದು ಕಬ್ಬಿಣವನ್ನು ಊಟ ಮಾಡುವುದಲ್ಲ, ಉಸಿರಾಟಕ್ಕೆ ಬಳಸುವುದು. ಆದರೆ ಪರಿಣಾಮ ದೊಡ್ಡದು: ಭತ್ತಕ್ಕೆ ಕಬ್ಬಿಣ ವಿಪರೀತವಾಗಿ ಎಲೆಯ ಮೇಲೆ ಕಂದು ಚುಕ್ಕೆ ಬರುತ್ತದೆ, ಬೇರಿಗೆ ತುಕ್ಕಿನ ಲೇಪ ಹಿಡಿಯುತ್ತದೆ. ನೀರು ಬಸಿದು ಹೋಗುವಂತೆ ಮಾಡುವುದು ಮತ್ತು ಸುಣ್ಣ ಹಾಕುವುದು ಇದಕ್ಕೆ ಪರಿಹಾರ.

ಆ ನೀರು ಬಯಲಿಗೆ ಬಂದು ಗಾಳಿ ಸೋಕಿದರೆ ಮತ್ತೆ ತುಕ್ಕು. ತೋಡಿನ ಬದಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಲೋಳೆ, ನೀರಿನ ಮೇಲಿನ ಎಣ್ಣೆಯಂಥ ಬಣ್ಣದ ಪರೆ ಇದರದ್ದೇ. ಸೀಮೆಎಣ್ಣೆ ಬಿದ್ದಿದೆಯೋ ಎಂದು ಸಂಶಯ ಬಂದರೆ ಒಂದು ಕಡ್ಡಿಯಿಂದ ಕದಡಿ ನೋಡಿ. ಪರೆ ತುಂಡು ತುಂಡಾಗಿ ಒಡೆದರೆ ಅದು ಕಬ್ಬಿಣದ್ದು. ಎಣ್ಣೆಯಾದರೆ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ.

ಆಸ್ಪತ್ರೆಯಲ್ಲೂ ಇದೇ ಅಣು

ಥಲಸ್ಸೀಮಿಯಾ ಇರುವ ಮಕ್ಕಳಿಗೆ ಪದೇ ಪದೇ ರಕ್ತ ಕೊಡಬೇಕಾಗುತ್ತದೆ. ಒಂದೊಂದು ಬಾಟಲಿ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹ ಸೇರುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಅದು ಹೃದಯ, ಪಿತ್ತಜನಕಾಂಗಗಳಲ್ಲಿ ಕೂಡುತ್ತಾ ಹೋಗುತ್ತದೆ. ಅದನ್ನು ಹೊರತೆಗೆಯಲು ವೈದ್ಯರು 1960ರ ದಶಕದಿಂದ ಕೊಡುತ್ತಿರುವ ಡೆಸ್ಫೆರಾಲ್ ಎಂಬ ಔಷಧ ಸಿಕ್ಕಿದ್ದು ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಪೈಲೋಸಸ್ ಎಂಬ ಬ್ಯಾಕ್ಟೀರಿಯಾದ ಕಬ್ಬಿಣವಾಹಕದಿಂದ. ಚರ್ಮದಡಿ ಸೂಜಿ ಹಾಕಿ ರಾತ್ರಿಯಿಡೀ ನಿಧಾನವಾಗಿ ಕೊಡಬೇಕಾದ ಔಷಧ ಅದು. ಆಮೇಲೆ ಮಾತ್ರೆಗಳೂ ಬಂದಿವೆ. ತನ್ನ ಹೊಟ್ಟೆಪಾಡಿಗೆ ಬ್ಯಾಕ್ಟೀರಿಯಾ ಮಾಡಿಕೊಂಡ ಉಪಾಯ ಎಷ್ಟೋ ಮಕ್ಕಳ ಆಯುಸ್ಸನ್ನು ಹೆಚ್ಚಿಸಿದೆ.

2019ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸೆಫಿಡೆರೋಕಾಲ್ ಎಂಬ ಪ್ರತಿಜೀವಕ ಔಷಧವೂ ಇದೇ ದಾರಿಯದು. ಅದು ಕಬ್ಬಿಣ ಹಿಡಿದು ಕಬ್ಬಿಣವಾಹಕದ ವೇಷದಲ್ಲಿ ರೋಗಾಣುವಿನ ಬಾಗಿಲು ದಾಟುತ್ತದೆ. ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಮಾಡುವ ವಿಷದ ಗಂಟಿನ ಉಪಾಯವೇ ಮನುಷ್ಯನ ಕೈಯಲ್ಲಿ.

ಹೊಲದಲ್ಲಿ ನೆನಪಿಡಬೇಕಾದದ್ದು

ಇಷ್ಟು ತಿಳಿದ ಮೇಲೆ ಮಣ್ಣಿನ ಚೀಟಿಯನ್ನು ಮತ್ತೆ ನೋಡೋಣ. ಅದರಲ್ಲಿ ಬರೆದಿರುವುದು ಮಣ್ಣಿನಲ್ಲಿರುವ ಒಟ್ಟು ಕಬ್ಬಿಣವಲ್ಲ, ಪೈರಿಗೆ ಸಿಗಬಹುದಾದ ಕಬ್ಬಿಣದ ಅಂದಾಜು. ಸಾಮಾನ್ಯವಾಗಿ ಕಿಲೋ ಮಣ್ಣಿಗೆ 4.5 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. ಕಬ್ಬಿಣದ ಅಂಕೆಯ ಜೊತೆಗೆ ಪಿಎಚ್ ಮತ್ತು ಸಾವಯವ ಇಂಗಾಲದ ಅಂಕೆಗಳನ್ನೂ ಓದಿ. ಮೂರನ್ನೂ ಕೂಡಿಸಿ ನೋಡಿದರೆ ಮಾತ್ರ ಅರ್ಥವಾಗುತ್ತದೆ.

ಎಲೆ ನೋಡಿ ಗುರುತಿಸುವುದು ಹೀಗೆ. ಕಬ್ಬಿಣ ಗಿಡದೊಳಗೆ ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಸಾಗುವುದಿಲ್ಲ. ಆದ್ದರಿಂದ ಕೊರತೆ ಮೊದಲು ತುದಿಯ ಎಳೆ ಎಲೆಯಲ್ಲಿ ಕಾಣುತ್ತದೆ. ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತದೆ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ ಇರಬಹುದು, ಅದಕ್ಕೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ.

ಸುಣ್ಣದ ಎರೆ ಮಣ್ಣಿಗೆ ಅನ್ನಭೇದಿಯನ್ನು ಬರಿದೇ ಚೆಲ್ಲಿದರೆ ಅದರ ಫೆರಸ್ ಕಬ್ಬಿಣ ಬೇಗನೆ ಫೆರಿಕ್ ಆಗಿ ತುಕ್ಕಿನ ರಾಶಿಗೆ ಇನ್ನಷ್ಟು ತುಕ್ಕು ಸೇರುತ್ತದೆ, ಅಷ್ಟೆ. 27 ಟನ್ ಇದ್ದಲ್ಲಿ ಇನ್ನು ಹತ್ತು ಕಿಲೋ ಸುರಿದರೆ ಏನಾದೀತು? ಕೊಡಲೇಬೇಕೆಂದರೆ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಕೊಡುವುದು ಮೇಲು. ನಿಂತ ಬೆಳೆಗೆ ಎಲೆಯ ಮೇಲೆ ಸಿಂಪಡಿಸುವುದು ಸಾಮಾನ್ಯ ಶಿಫಾರಸು: ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ, ಸಂಜೆಯ ಹೊತ್ತು, ಬೇಕಾದರೆ 10–15 ದಿನ ಬಿಟ್ಟು ಮತ್ತೊಮ್ಮೆ. ನಿಮ್ಮ ಬೆಳೆಗೆ ಸರಿಯಾದ ಪ್ರಮಾಣವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಅಂಗಡಿಯಲ್ಲಿ ‘ಚೀಲೇಟೆಡ್ ಕಬ್ಬಿಣ’ ಎಂದು ಕೊಟ್ಟರೆ ಯಾವ ಬಗೆ ಎಂದು ಕೇಳಿ. ಇಡಿಟಿಎ ಬಗೆ ಪಿಎಚ್ 6.5ರ ಮೇಲೆ ಮಣ್ಣಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಸುಣ್ಣದ ಮಣ್ಣಿನಲ್ಲಿ ತಡೆಯುವುದು ಇಡಿಡಿಎಚ್‌ಎ ಬಗೆ, ಅದರ ಬೆಲೆಯೂ ಹೆಚ್ಚು.

ಎರೆ ಹೊಲಕ್ಕೆ ಅತಿಯಾಗಿ ನೀರು ಕೊಟ್ಟರೂ ಹಳದಿ ಹೆಚ್ಚುತ್ತದೆ. ಸುಣ್ಣದ ಮಣ್ಣಿನಲ್ಲಿ ನೀರು ನಿಂತರೆ ಬೈಕಾರ್ಬೊನೇಟ್ ಕೂಡಿ ಬೇರು ಕಬ್ಬಿಣ ಹೀರುವುದಕ್ಕೆ ಅಡ್ಡಿಯಾಗುತ್ತದೆ. ರಂಜಕದ ಗೊಬ್ಬರ ಅತಿಯಾದರೂ ಹಾಗೆಯೇ.

ಎಲ್ಲಕ್ಕಿಂತ ಮುಖ್ಯವಾದದ್ದು ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರ. ಅದರಲ್ಲಿ ಇರುವ ಕಬ್ಬಿಣ ಅಲ್ಪ. ಆದರೆ ಅದು ಮಣ್ಣಿನ ಬ್ಯಾಕ್ಟೀರಿಯಾಗಳ ಊಟ. ಹೊಟ್ಟೆ ತುಂಬಿದ ಬ್ಯಾಕ್ಟೀರಿಯಾಗಳು ಕಬ್ಬಿಣವಾಹಕಗಳನ್ನೂ ಆಮ್ಲಗಳನ್ನೂ ಬಿಡುತ್ತವೆ. ಗೊಬ್ಬರ ಕೊಳೆತಾಗ ಆಗುವ ಹ್ಯೂಮಸ್ ಕೂಡ ಕಬ್ಬಿಣವನ್ನು ತುಕ್ಕಾಗದಂತೆ ಹಿಡಿದಿಟ್ಟು ಬೇರಿಗೆ ಮುಟ್ಟಿಸುತ್ತದೆ. ಹೊಲದಲ್ಲಿ ಇರುವ 27 ಟನ್ನಿನಿಂದ ಒಂದೆರಡು ಕಿಲೋ ಹೊರತೆಗೆಯಲು ಅವುಗಳಷ್ಟು ಅಗ್ಗದ ಆಳುಗಳು ನಮಗೆ ಸಿಗಲಾರರು.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಸೀಮೆಯಲ್ಲಿ ಈ ಹಳದಿ ರೋಗಕ್ಕೆ, ಈ ಬಗೆಯ ಮಣ್ಣಿಗೆ, ತೋಡಿನ ಕಿತ್ತಳೆ ಲೋಳೆಗೆ ಹಿರಿಯರು ಬಳಸುವ ಕನ್ನಡ ಹೆಸರುಗಳಿದ್ದರೆ ಬರೆದು ಕಳಿಸಿ. ಕಾಸರಗೋಡಿನ ಮುರಕಲ್ಲು ಜತ್ತದವರಿಗೆ ಹೊಸ ಪದ, ಜತ್ತದ ಎರಿ ಕಾಸರಗೋಡಿನವರಿಗೆ ಹೊಸದು. ಬಂದ ಹೆಸರುಗಳನ್ನು ಊರಿನ ಹೆಸರಿನೊಂದಿಗೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಚೀಟಿ ಯಾವ ಭಾಷೆಯಲ್ಲಿ ಬಂದರೂ ಮಣ್ಣಿನ ಮಾತನ್ನು ನಮ್ಮ ನಮ್ಮಲ್ಲಿ ಕನ್ನಡದಲ್ಲೇ ಆಡಿಕೊಳ್ಳಲು ಅದರಿಂದ ಅನುಕೂಲವಾಗುತ್ತದೆ.